ಎಡಗಡೆ ಎದ್ದ ಮೀನು

ಅಂಜನಪ್ಪನ ಕಣ್ಣು ಹೋಗಿದೆಯೋ ಇಲ್ಲವೋ ಎಂಬುದು ಅವನಿಗಿಂತ ಹೆಚ್ಚಾಗಿ ಹೆಂಡತಿ ಮುದ್ದಕ್ಕನ ನಿದ್ದೆ ಕೆಡಿಸಿತ್ತು. ಕೆಡಿಸದೆ ಏನು? ಮೀನಿಗೆಂದು ಮಾರಿಕಣಿವೆ ಹಿನ್ನೀರಿನ ನಡುಮಡುವಿಗೆ ತೆಪ್ಪ ಒಯ್ದರೆ ಅದರಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಅವಳಿಗೋ ಈಜು ಬಾರದು. ಹೋದ ವಾರ ನೀರೊಳಗಿನ ಜಾಲಿ ಬೊಡ್ಡೆಗೆ ತಗುಲಿ ತೆಪ್ಪದ ಬುಡ ಸೀಳಿತ್ತು. ಮುಂದೆ ಕೂತು ದಾರಿ ನೋಡುವವನು ಅವನೇ.

"ಕಾಣ್ಲಿಲ್ವೇನ್ರಿ?" ಎಂದದ್ದಕ್ಕೆ, "ಬಿಸ್ಲು ಕಣ್ಣಿಗೆ ಹೊಡೀತು" ಅಂದ. ಆವತ್ತು ಮೋಡ ಕವಿದಿತ್ತು. ಹಿರಿಯೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಾಣ ಎಂದದ್ದೇ ತಪ್ಪಾಗಿ, ಮಾತು ಬಿಟ್ಟು ಕೂತ. ನೀರಿನಲ್ಲಿ ಮೀನಿನ ಹೆಜ್ಜೆಯನ್ನಾದರೂ ಕಾಣಬಹುದು, ಈ ಗಂಡಸಿನ ಮನಸ್ಸು ಕಾಣುವುದುಂಟೇ?

ಬಾಳೆಮೀನು ಆಳದ ಜೀವ. ತಂಪು ಹೊತ್ತಿನಲ್ಲಿ ಸಣ್ಣ ಮೀನಿನ ಹಿಂಡನ್ನು ಮೇಲಕ್ಕೆ ಅಟ್ಟಿಕೊಂಡು ಬಂದು ತಿನ್ನುವಾಗ ನೀರು ಅನ್ನದ ಎಸರಿನ ಹಾಗೆ ಕುದಿಯುತ್ತದೆ. ಹೊಳೆಯುವ ತಗಡಿನ ಚೂರು ಕಟ್ಟಿದ ಗಾಳ ಆಗಲೇ ಅಲ್ಲಿ ಬೀಳಬೇಕು. ತಡವಾದರೆ ಮೀನು ಮುಳುಗಿತು. ಅದಕ್ಕೇ ತೆಪ್ಪದವರಲ್ಲಿ ಒಂದು ಕಟ್ಟು: ಹುಟ್ಟು ಹಾಕುವವರು ಯಾವ ಕಡೆ ಎಂದು ಹೇಳಬೇಕು, ಗಾಳದವನು ಮರುಮಾತಿಲ್ಲದೆ ಬೀಸಬೇಕು. ಅಂಜನಪ್ಪ ಈ ಕಟ್ಟಿಗೆ ಎಂದೂ ಸೊಪ್ಪು ಹಾಕಿದವನಲ್ಲ. ಮುದ್ದಕ್ಕ ಬಾಯಿ ತೆರೆಯುವ ಮುಂಚೆಯೇ ಅವನ ಗಾಳ ಬಿದ್ದಿರುತ್ತಿತ್ತು. ಈಚೆಗೆ ಮಾತ್ರ, "ಯಾ ಕಡೀಕೆ? ಹೇಳು ನೋಡಾಣ" ಎಂದು ಮೇಷ್ಟ್ರ ಹಾಗೆ ಕೇಳತೊಡಗಿದ್ದ.

ಪರೀಕ್ಷೆ ಯಾರದು ಎಂದು ನಾನೇ ನೋಡಿಬಿಡುತ್ತೇನೆ ಎಂದುಕೊಂಡಳು ಮುದ್ದಕ್ಕ. ಸುಳ್ಳು ಕಡೆ ತೋರಿಸುವುದು. ಕಣ್ಣಿದ್ದರೆ ಬಯ್ಯುತ್ತಾನೆ; ಬೈಗುಳ ತಿಂದರೂ ಸುಖ. ಇಲ್ಲದಿದ್ದರೆ ಇವತ್ತಿಗೇ ತೆಪ್ಪ ದಡಕ್ಕೆ.

ಬೆಳಗಿನ ಮಡು ಸದ್ದಿಲ್ಲದೆ ಮಲಗಿತ್ತು. ಎಡಗಡೆ, ಒಂದು ಕಲ್ಲೆಸೆತದಾಚೆ, ನೀರು ತಟಕ್ಕನೆ ಎದ್ದಿತು. ಬೆಳ್ಳಿಚೂರಿನಂಥ ಸಣ್ಣ ಮೀನು ಚಿಮ್ಮಿದವು.

"ಯಾ ಕಡೀಕೆ?" ಅಂದ ಅಂಜನಪ್ಪ.

ಮುದ್ದಕ್ಕ ಹುಟ್ಟು ತಡೆದು ಹಿಡಿದಳು. "ಬಲಗಡೀಕೆ."

ಅವನು ಒಂದು ಗಳಿಗೆ ತಡೆದ. ಆಮೇಲೆ ಗಾಳ ಬೀಸಿದ, ಬಲಕ್ಕೆ, ಒಂದು ಸುಕ್ಕೂ ಇಲ್ಲದ ನೀರಿಗೆ. ಬೀಸಿ, ಮೀನು ಕಚ್ಚೀತೆಂದು ದಾರ ಹಿಡಿದು ಕಾದ.

ಮುದ್ದಕ್ಕನಿಗೆ ಅಳು ಉಕ್ಕಿತು. "ಅಲ್ಲೇನೂ ಇಲ್ಲ ಕಣ್ರಿ. ಎದ್ದಿದ್ದು ಎಡಗಡೆ. ನಿಮ್ ಕಣ್ಣು ನೋಡಾಣ ಅಂತ ಸುಳ್ಳು ಹೇಳ್ದೆ."

ಅಂಜನಪ್ಪ ದಾರ ಸುತ್ತತೊಡಗಿದ. "ಕಣ್ಣು ಮಂಜಾಗಿ ಭಾಳ ದಿನ ಆತು," ಅಂದ. "ಸದ್ದು ಎಡಗಡೇನೇ ಕೇಳ್ತು."

"ಮತ್ಯಾಕೆ ಬಲಕ್ಕೆ ಬೀಸಿದ್ರಿ?"

"ನೀನು ಬಲಗಡೆ ಅಂದೆ. ಕಿವೀನೂ ಹೋತೇನೋ ಅನ್ಕಂಡೆ."

ಅವಳು ಹುಟ್ಟನ್ನು ನೀರಿಗಿಳಿಸಿದಳು. ಅಷ್ಟರಲ್ಲಿ ಗಾಳಿ ಎದ್ದು ತೆಪ್ಪ ತೂಗಿತು. ಅಂಜನಪ್ಪ ಮುಖ ಎತ್ತಿದ.

"ದಡ ಯಾ ಕಡೆ ಐತೆ?"

"ನಿಮ್ ಬೆನ್ನಿಂದೆ. ದೇವ್ರಾಣೆಗೂ."

ಅವನು ಬಗ್ಗಿ ಅಂಗೈಯನ್ನು ನೀರಿಗಿಟ್ಟು, ಅಲೆ ಯಾವ ಕಡೆಯಿಂದ ಬರುತ್ತಿದೆ ಎಂದು ತಾನೇ ನೋಡತೊಡಗಿದ.