ಹನ್ನೊಂದು ಎಂದರೆ ಬೆಂಕಿ ಹತ್ತಲಿಲ್ಲ

1.
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕುಲುಮೆಯಿಂದ ಎಂದರೆ ನೀವು ನಗುತ್ತೀರಿ. ಫ್ಯಾನಿನ ಕೆಳಗೆ ಕೂತೂ ಬೆವರುವ ಸಿಂಗಾಪುರದಲ್ಲಿ ಮನೆಗೊಂದು ಕುಲುಮೆಯೇ? ಆದರೂ ಇದರಲ್ಲಿ ಎರಡಿವೆ. ಒಂದು ಜುರಾಂಗ್ ಐಲ್ಯಾಂಡಿನ ಒಂದು ಪ್ಲಾಂಟಿನಲ್ಲಿ, ಮೂರು ಮಹಡಿ ಎತ್ತರದ್ದು. ಅದನ್ನು ನೋಡಿಕೊಳ್ಳುವ ಇಂಜಿನಿಯರ್ ನವನೀತ್. ಇನ್ನೊಂದು ಬುಕಿತ್ ಪಂಜಾಂಗಿನ ಅವನ ಫ್ಲ್ಯಾಟಿನಲ್ಲಿ, ಅಡುಗೆಮನೆಯ ಗೋಡೆಗೆ ನೇತುಹಾಕಿದ ಗ್ಯಾಸ್ ಗೀಸರ್. ದೊಡ್ಡದು ಅವನ ಮಾತು ಕೇಳುತ್ತಿತ್ತು. ಚಿಕ್ಕದು ಕೇಳುತ್ತಿರಲಿಲ್ಲ.

2.
(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಗೀಸರೇ ಬಾಯಿಬಿಟ್ಟು ಮಾತಾಡುತ್ತಿತ್ತು. ನನಗೇ ನಾಚಿಕೆಯಾಗಿ ಡಿಲೀಟ್ ಮಾಡಿದೆ.)

2014ರ ಮಾತು. ಕಂಪನಿ ಬಸ್ಸು ಹಿಡಿಯಲು ನವನೀತ್ ಎಲ್ಲರಿಗಿಂತ ಮುಂಚೆ ಏಳುತ್ತಿದ್ದ. ನಲ್ಲಿ ತಿರುಗಿಸಿದರೆ ತಣ್ಣೀರು. ಹೋಗಿ ನೋಡಿದರೆ ಗೀಸರಿನ ಮೇಲೆ ಕೆಂಪಗೆ 11. ಮ್ಯಾನುಯಲ್ ಪ್ರಕಾರ ಹನ್ನೊಂದು ಎಂದರೆ ಬೆಂಕಿ ಹತ್ತಲಿಲ್ಲ. ತಣ್ಣೀರನ್ನೇ ಸುರಿದುಕೊಂಡು ಓಡುತ್ತಿದ್ದ. ಸಂಜೆ ಬಂದು ಬಿಚ್ಚಿ ನೋಡಿದರೆ ಗೀಸರು ಸಾಧು ಹಸುವಿನ ಹಾಗೆ ಬಿಸಿನೀರು ಕೊಡುತ್ತಿತ್ತು. ಸರ್ವಿಸ್‌ನವನು ಹಗಲು ಹೊತ್ತು ಬಂದು, ಏನೂ ಕೆಟ್ಟಿಲ್ಲವೆಂದು ಹೇಳಿಹೋದ.

3.
ಪ್ಲಾಂಟಿನಲ್ಲಿ ಏನು ಕೆಟ್ಟರೂ ಕೇಳುವ ಮೊದಲ ಪ್ರಶ್ನೆ: ಕೆಡುವ ಮುಂಚೆ ಏನು ಬದಲಾಯಿತು? ಊಟಕ್ಕೆ ಕೂತಾಗ ನವನೀತ್ ಅದನ್ನೇ ಯೋಚಿಸುತ್ತಾ, ಹೆಂಡತಿ ಪ್ರಣತಿಗೆ ಹೇಳಿಬಿಟ್ಟ:

"ಅತ್ತೆ ಬಂದ ವಾರದಿಂದಾನೇ ಶುರುವಾಗಿದ್ದು ನೋಡು."

ಅವನಿಗೆ ಅದು ಬರೀ ಡೇಟಾ. ಆದರೆ ಅತ್ತೆ ಅಲ್ಲೇ ಸಾರು ಬಡಿಸುತ್ತಿದ್ದರು. ಭಾನುಮತಿ ಮೈಸೂರಿನಿಂದ ಮಗಳ ಬಾಣಂತನಕ್ಕೆ ಬಂದವರು, ಅದರ ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡವರು. ಅದಾದಮೇಲೆ ನೆಂಟರ ಮನೆಯ ಶುಭಕಾರ್ಯಗಳಲ್ಲಿ ಯಾರೂ ಹೇಳದೆಯೇ ಹಿಂದಿನ ಸಾಲಿಗೆ ಸರಿದು ನಿಲ್ಲುವುದನ್ನು ಕಲಿತವರು. ಸೌಟು ಒಂದು ಕ್ಷಣ ನಿಂತಿತು, ಮತ್ತೆ ಬಡಿಸಿತು.

ಮರುದಿನ ಅಳಿಯನ ಮುಂದೆ ಬಂದು ನಿಂತರು.

"ನನ್ನ ಟಿಕೆಟ್ ಮುಂಚೆಗೆ ಮಾಡ್ಸೋಕಾಗತ್ತಾ ನೋಡಿ. ನನ್ನ ಕಾಲ್ಗುಣ ಸರಿಯಿಲ್ಲ. ಮಗು ಇರೋ ಮನೆ."

ನವನೀತ್ ಗಡಿಬಿಡಿಯಿಂದ ಎದ್ದು ನಿಂತ. ಹಾಗಲ್ಲ ಅತ್ತೆ, ಅದು ಮೆಷಿನ್ನು ಎಂದ. ಹಾಗಾದರೆ ಏನು ಕೆಟ್ಟಿದೆ ಎಂದು ಕೇಳಿದರು. ಅದೇ ಅವನಿಗೆ ಗೊತ್ತಿರಲಿಲ್ಲ.

5.
(ನಾಲ್ಕರಲ್ಲಿ ಪ್ರಣತಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅವಳಿಗೆ ಹಿಡಿಸಲಿಲ್ಲ. "ಬಾಣಂತಿ ಅಂದ ತಕ್ಷಣ ಅಳಿಸ್ಬೇಕಾ? ತೆಗೀರಿ ಅದನ್ನ" ಎಂದಳು, ತೆಗೆದೆ. ಅಮ್ಮ ಇದ್ದರೆ ಮಾತ್ರ ತನಗೆ ನಿದ್ದೆ ಬರುತ್ತದೆ ಎಂಬುದನ್ನು ಉಳಿಸಿಕೊಳ್ಳಲು ಒಪ್ಪಿದ್ದಾಳೆ.)

6.
ಮುಂದಿನ ಬೆಳಗಿನ ಜಾವ ನವನೀತ್ ಬಸ್ಸು ತಪ್ಪಿದರೂ ಸರಿ ಎಂದು ಫೋನಿನ ಟಾರ್ಚ್ ಹಿಡಿದು ಗ್ಯಾಸಿನ ಪೈಪನ್ನು ಹಿಂದಕ್ಕೆ ಹುಡುಕುತ್ತಾ ಹೋದ. ಸಿಂಕಿನ ಕೆಳಗೆ, ಮೀಟರಿನ ಪಕ್ಕದ ಮೇನ್ ವಾಲ್ವ್ ಮುಚ್ಚಿತ್ತು.

"ನಾನೇ ಮುಚ್ಚೋದು," ಹಿಂದಿನಿಂದ ಭಾನುಮತಿ ಹೇಳಿದರು, ಹೆಗಲ ಮೇಲೆ ಮಗು. "ಮಲಗೋ ಮುಂಚೆ ಗ್ಯಾಸ್ ಬಂದ್ ಮಾಡ್ತೀನಿ. ಎದ್ದು ಹಾಲು ಕಾಯಿಸುವಾಗ ತೆಗೀತೀನಿ. ಯಾಕೆ?"

(ಇಲ್ಲಿ ನಾನು ಅವರಿಗೊಂದು ಹಳೆಯ ದುರಂತ ಬರೆದುಕೊಟ್ಟಿದ್ದೆ: ಸಿಲಿಂಡರು, ಬೆಂಕಿ, ತಂಗಿ. ಓದಿ ವಾಪಸ್ ಕೊಟ್ಟರು. "ನನಗೆ ತಂಗೀನೇ ಇಲ್ಲ. ಗ್ಯಾಸ್ ಬಂದ್ ಮಾಡಿ ಮಲಗಬೇಕು, ಅಷ್ಟೇ. ನಿಮ್ಮ ಮನೇಲಿ ಮಾಡಲ್ವಾ?" ಮಾಡುತ್ತೇವೆ ಎಂದೆ.)

ಕಾರಣ ಸಿಕ್ಕಿತು: ಒಲೆಗೂ ಗೀಸರಿಗೂ ಒಂದೇ ವಾಲ್ವ್. ಸಿಕ್ಕ ಕೂಡಲೇ ನವನೀತ್ ಟಾರ್ಚ್ ಆರಿಸಿದ. ಅತ್ತೆ ಬಂದದ್ದರಿಂದಲೇ ಕೆಟ್ಟಿದ್ದು ನಿಜವಾಗಿಬಿಟ್ಟಿತ್ತಲ್ಲ.

7.
ಅಂತ್ಯ ಒಂದು: ನಿಜ ಹೇಳುತ್ತಾನೆ. ಅವರು ಸಾರಿ ಎಂದು, ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಇಡತೊಡಗುತ್ತಾರೆ.

ಅಂತ್ಯ ಎರಡು: ಏನೂ ಹೇಳದೆ ದಿನಾ ಕದ್ದು ವಾಲ್ವ್ ತೆಗೆಯುತ್ತಾನೆ. ನನಗೆ ಇದೇ ಇಷ್ಟವಿತ್ತು. ನವನೀತ್ ಸುತರಾಂ ಒಪ್ಪಲಿಲ್ಲ. ಇನ್ನೊಬ್ಬರು ಮುಚ್ಚಿದ ವಾಲ್ವನ್ನು ಹೇಳದೆ ತೆಗೆದರೆ ನಮ್ಮ ಪ್ಲಾಂಟಿನಲ್ಲಿ ಕೆಲಸವೇ ಹೋಗುತ್ತದೆ, ಕಥೆಗಾರರಿಗೆ ಏನು ಗೊತ್ತು ಎಂದ.

ಹಾಗೆಂದವನು ಸಂಜೆ ಪ್ಲಾಂಟಿನಿಂದ ಒಂದು ಕೆಂಪು ಟ್ಯಾಗ್ ತಂದ. ಗೀಸರ್ ಯಾಕೆ ಹತ್ತುತ್ತಿರಲಿಲ್ಲ ಎಂದು ಅತ್ತೆಗೆ ಪೂರ್ತಿ ವಿವರಿಸಿದ. ಅವರ ಮುಖ ಬಾಡುವ ಮುಂಚೆಯೇ ಪೆನ್ನು ಕೊಟ್ಟ.

"ನೀವು ಮಾಡಿದ್ದು ಸರಿ ಅತ್ತೆ. ನಮ್ಮಲ್ಲೂ ಹಾಗೇ, ಮುಚ್ಚಿದವರು ಹೆಸರು ಬರೆದು ತಗಲಿಹಾಕ್ಬೇಕು. ಆಮೇಲೆ ಅವರೇ ಬಂದು ತೆಗೀಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ನಿಮ್ಮ ಸ್ನಾನ?"

"ತಣ್ಣೀರೇ ಸಾಕು. ಇದು ಸಿಂಗಾಪುರ."

ಭಾನುಮತಿ ಟ್ಯಾಗನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಆಮೇಲೆ ದುಂಡಗೆ ತಮ್ಮ ಹೆಸರು ಬರೆದರು. ಟಿಕೆಟಿನ ಮಾತು ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ.

8.
ಹಾಗಾದರೆ ಉಳಿದರೋ, ಹೊರಟರೋ? ನನ್ನನ್ನು ಕೇಳಬೇಡಿ. ವಾಲ್ವಿನ ಮೇಲೆ ಇರುವುದು ಅವರ ಹೆಸರು, ನನ್ನದಲ್ಲ.

ನವನೀತನಿಗೆ ಮಾತ್ರ ಒಂದು ಹೊಸ ಭಯ ಹತ್ತಿಕೊಂಡಿದೆ. ಅತ್ತೆ ಯಾವತ್ತು ಗ್ಯಾಸ್ ಮುಚ್ಚದೆ ಮಲಗುತ್ತಾರೋ, ಅವತ್ತು ಇದು ತಮ್ಮ ಮನೆಯಲ್ಲ ಎಂದು ಅವರು ತೀರ್ಮಾನಿಸಿದರು ಎಂದು ಅರ್ಥ. ಕಥೆ ಮುಗಿಯುವ ಈ ಬೆಳಗಿನ ಜಾವ ಬಚ್ಚಲಿನಲ್ಲಿ ನಿಂತಿದ್ದಾನೆ. ನೀರು ತಣ್ಣಗೇ ಬರಲಿ ಎಂದುಕೊಂಡು ನಲ್ಲಿಗೆ ಕೈ ಹಾಕಿದ್ದಾನೆ, ಇನ್ನೂ ತಿರುಗಿಸಿಲ್ಲ.