ಹದಿನಾಲ್ಕು ಬಕೆಟ್‌ಗಳ ಅಡಿಯ ಪತ್ರಿಕೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಾರಸಿಯ ಹದಿನಾಲ್ಕು ಬಕೆಟ್‌ಗಳನ್ನೂ ಇಳಿಸಬೇಕು, ಇಲ್ಲವಾದರೆ ನಿವಾಸಿಗಳ ಸಂಘವೇ ಎತ್ತಿ ಎಸೆಯುತ್ತದೆ. ಮೆಟ್ಟಿಲ ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಕಾರಣವೂ ಇತ್ತು: ಮೂರನೇ ಮಹಡಿಯ ಛಾವಣಿಯಲ್ಲಿ ತೇವ. ಎಲ್ಲದಕ್ಕೂ ಕಾಗದ ಅಂಟಿಸುವ ಕಾರ್ಯದರ್ಶಿಯನ್ನು ನನ್ನ ಚಿಕ್ಕಮ್ಮ ‘ನೋಟೀಸು’ ಎಂದೇ ಕರೆಯುತ್ತಿದ್ದರು.

ಬಕೆಟ್‌ಗಳು ಚಿಕ್ಕಮ್ಮನವು. ಗೋಡೆಗೆ ಬಳಿಯುವ ಬಣ್ಣ ತುಂಬಿ ಬಂದು ಖಾಲಿಯಾದ ಆ ಬಕೆಟ್‌ಗಳಲ್ಲಿ ಬದನೆ ಆಗಷ್ಟೇ ಹೂ ಬಿಟ್ಟಿತ್ತು. ಅವರು ತಳದಲ್ಲಿ ತೂತು ಕೊರೆಯುವುದಿಲ್ಲ. ಎರಡು ಬೆರಳು ಮೇಲೆ, ಪಕ್ಕದಲ್ಲಿ ಕೊರೆಯುತ್ತಾರೆ. ಬೇರಿಗೆಂದು ಅಷ್ಟು ನೀರು ಒಳಗೇ ಉಳಿಯುತ್ತದೆ. ನೀರು ಹಾಕುವ ಮೊದಲು ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸುತ್ತಾರೆ. ಮಣ್ಣು ಅಂಟಿದರೆ ಆ ದಿನ ನೀರಿಲ್ಲ.

“ಚಿಕ್ಕಮ್ಮ, ಬಕೆಟ್ ಸೋರಲ್ಲ ಅಂತ ಬಾಯಲ್ಲಿ ಹೇಳಿದ್ರೆ ಅವ್ರು ನಂಬಲ್ಲ. ತೋರಿಸ್ಬೇಕು.”

“ತೋರಿಸು ಮತ್ತೆ! ನಿನ್ನ ಬಿಎಸ್ಸಿ ಇವತ್ತಾದ್ರೂ ಕೆಲಸಕ್ಕೆ ಬರ್ಲಿ.”

ಸೋಮವಾರ ಪ್ರತಿ ಬಕೆಟ್‌ನ ಅಡಿಯಲ್ಲೂ ಹಳೆಯ ಪತ್ರಿಕೆ ಹಾಸಿ, ಅಂಚಿನಲ್ಲಿ ದಿನಾಂಕ ಬರೆದೆ. ಮೂರನೇ ಮಹಡಿಯ ಟೀಚರಮ್ಮನ ಒಪ್ಪಿಗೆ ಪಡೆದು, ಅವರ ಛಾವಣಿಯ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗೋಡೆಯಿಂದ ಅದಕ್ಕಿರುವ ದೂರವನ್ನೂ ಅಳೆದುಕೊಂಡೆ. ಆ ವಾರ ಮಳೆ ಬರಲಿಲ್ಲ. ಶನಿವಾರದ ಹೊತ್ತಿಗೆ ಕಲೆ ಗೆರೆ ದಾಟಿ ನಾಲ್ಕು ಬೆರಳು ಹರಡಿತ್ತು.

ಭಾನುವಾರ ಕಾರ್ಯದರ್ಶಿ ಇಬ್ಬರು ಕೆಲಸಗಾರರೊಂದಿಗೆ ಹತ್ತಿ ಬಂದರು. ಚಿಕ್ಕಮ್ಮ ಮೊದಲ ಬಕೆಟ್ ಎತ್ತಿ ಪತ್ರಿಕೆಯನ್ನು ಅವರ ಮುಖದೆದುರು ಅಲ್ಲಾಡಿಸಿದರು. ಅದು ಹಪ್ಪಳದಂತೆ ಗರಿಗರಿ ಎಂದಿತು. ಉಳಿದ ಹದಿಮೂರು ಪತ್ರಿಕೆಗಳೂ ಒಣಗೇ ಇದ್ದವು.

“ಮತ್ತೆ ತೇವ ಆಕಾಶದಿಂದ ಬಂತಾ?” ಎಂದರು ಕಾರ್ಯದರ್ಶಿ.

ನಾನು ಟೀಚರಮ್ಮನ ಮನೆಯ ಅದೇ ಗೋಡೆಯ ನೇರದಿಂದ ತಾರಸಿಯ ಮೇಲೆ ಅಷ್ಟೇ ದೂರ ಅಳೆದೆ. ಟೇಪು ಸಂಘದ ನೀರಿನ ಟ್ಯಾಂಕ್‌ಗೆ ತಗುಲಿ ನಿಂತಿತು. ಕೆಲಸಗಾರನೊಬ್ಬ ಅದರಡಿಗೆ ಕೈ ತೂರಿಸಿ, ಒದ್ದೆ ಅಂಗೈ ತೋರಿಸಿದ.

“ಸಾರ್, ಸೋರ್ತಿರೋದು ಇದು.”

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡರು. “ಇರಬಹುದು. ಆದ್ರೆ ನೋಟೀಸ್ ಕೊಟ್ಟಾಗಿದೆ. ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ.”

“ಹಾಗಾದ್ರೆ ಟ್ಯಾಂಕಿಗೂ ಒಂದು ಅಂಟಿಸಿ,” ಎಂದು ಚಿಕ್ಕಮ್ಮ ಬಕೆಟ್‌ಗಳ ಸಾಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. “ಹತ್ತು ಗಂಟೆಯೊಳಗೆ ಇಳೀಬೇಕು ಅಂತ. ಅದು ಇಳಿದ್ಮೇಲೆ ನನ್ನವೂ ಇಳಿಯುತ್ವೆ. ಅಲ್ಲೀವರೆಗೆ ಬದನೆ ಮುಟ್ಟೋರು ಮೊದಲು ನನ್ನನ್ನ ಎತ್ತಬೇಕು ಸ್ವಾಮಿ. ಭಾರ ಇದೀನಿ, ಮೊದಲೇ ಹೇಳಿರ್ತೀನಿ.”

ಕೆಲಸಗಾರರಿಬ್ಬರೂ ನಗು ನುಂಗುತ್ತ ಟ್ಯಾಂಕಿನ ಕಡೆಗೆ ಹೋದರು. ಕಾರ್ಯದರ್ಶಿ ಒಬ್ಬರೇ ಮೆಟ್ಟಿಲಿಳಿದರು.

ಸಂಜೆ ಚಿಕ್ಕಮ್ಮ ಗೋಡೆಯ ಮೇಲಿದ್ದ ಆ ಕಾಗದವನ್ನು ಹರಿಯದಂತೆ ಬಿಡಿಸಿ ತಂದು, ತಾರಸಿಯ ಮೇಲೆ ಹಾಸಿ, ಅದರ ಮೇಲೆ ಹದಿನೈದನೇ ಬಕೆಟ್ ಇಟ್ಟರು.

“ದಿನಾಂಕ ಬರಿಯೇ,” ಎಂದರು.