ಮುಖ ನೋಡಬಾರದ ಕೆಲಸ

ನೋವು ಮೊದಲ ಸಲ ಬಂದದ್ದು ಅಣ್ಣ ನಗುತ್ತಿದ್ದಾಗ. ಎದುರು ಅಂಗಡಿಯ ಕ್ಷೌರಿಕ ಕುಲುಮೆಯ ಬಾಗಿಲಲ್ಲಿ ನಿಂತು ಯಾವುದೋ ಬೋಳುತಲೆಯ ಗಿರಾಕಿಯ ಕತೆ ಹೇಳುತ್ತಿದ್ದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗು ಇನ್ನೂ ಬಾಯಲ್ಲಿರುವಾಗಲೇ ಬಲಗಾಲಿನ ತೊಡೆಯಿಂದ ಹಿಮ್ಮಡಿಯವರೆಗೆ ಯಾರೋ ಕಾದ ಸಲಾಕೆ ತೂರಿಸಿ, ತೂರಿಸಿದ್ದು ಸಾಲದೆಂದು ಒಳಗೇ ತಿರುವಿದಂತಾಯಿತು. ಅಷ್ಟೆತ್ತರದ ಆಳು ಬುಡ ಕಡಿದ ಮರದ ಹಾಗೆ ಉರುಳಿದ. ಉರುಳುವಾಗ ನೀರಿನ ತೊಟ್ಟಿಯ ಅಂಚಿಗೆ ಬಾಯಿ ಬಡಿದು ಮುಂದಿನ ಹಲ್ಲೊಂದು ಮುರಿದು ಬೂದಿಯ ಮೇಲೆ ಬಿತ್ತು. ಅದನ್ನೇ ನೋಡುತ್ತ 'ಇದು ಯಾರ ಹಲ್ಲಪ್ಪಾ' ಅಂದುಕೊಂಡನಂತೆ. ಕಾಲಿನ ನೋವಿನ ಮುಂದೆ ಹಲ್ಲು ಮುರಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ.

ಆಮೇಲಿಂದ ಅದು ಹೇಳದೆ ಕೇಳದೆ ಮನೆಗೆ ನುಗ್ಗುವ ನೆಂಟನಾಯಿತು. ಒಮ್ಮೆ ಊಟಕ್ಕೆ ಕೂತಾಗ, ಒಮ್ಮೆ ಸ್ನಾನದ ಮನೆಯಲ್ಲಿ, ಒಮ್ಮೆ ರಸ್ತೆಯ ನಟ್ಟನಡುವೆ ಲಾರಿಯೊಂದರ ಮುಂದೆ. ಬಂದಷ್ಟೇ ಹಠಾತ್ತಾಗಿ ಹೋಗಿಬಿಡುತ್ತಿತ್ತು. ಹೋದ ಮೇಲೆ ಕಾಲು ಕಲ್ಲುಗುಂಡಿನಂತೆ ಗಟ್ಟಿ, ಒಂದು ಗಾಯವಿಲ್ಲ, ಒಂದು ಬಾವಿಲ್ಲ.

"ಮೂಳೆ ಚೆನ್ನಾಗಿದೆ, ನರ ಚೆನ್ನಾಗಿದೆ, ರಕ್ತನೂ ಚೆನ್ನಾಗಿದೆ" ಅಂದರು ಡಾಕ್ಟರು.

"ಎಲ್ಲಾ ಚೆನ್ನಾಗಿದ್ರೆ ನಾನ್ಯಾಕೆ ಸಾಯ್ತಿದೀನಿ ಡಾಕ್ಟ್ರೇ?"

ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ನನಗೆ ಗೊತ್ತಾಗ್ತಿಲ್ಲಪ್ಪಾ" ಅಂದರು. ಗುಳಿಗೆ ಬರೆದುಕೊಟ್ಟರು. ಗುಳಿಗೆ ಹೊಟ್ಟೆಗೆ ಹೋಯಿತು, ಕಾಲಿನ ತಂಟೆಗೆ ಹೋಗಲಿಲ್ಲ.

ನೋವು ಬಂದಾಗ ಅಣ್ಣ ಮನುಷ್ಯನಾಗಿರುತ್ತಿರಲಿಲ್ಲ. ತನ್ನ ತೊಡೆಗೆ ತಾನೇ ಗುದ್ದುತ್ತಿದ್ದ, ದಿಂಬನ್ನು ಕಚ್ಚಿ ಹತ್ತಿ ಉಗಿಯುತ್ತಿದ್ದ. ಒಂದು ದಿನ ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಬೀಸಿ ಎಸೆದ. ಅದು ಹೋಗಿ ಹೆಂಡತಿಯ ಹುಬ್ಬಿಗೆ ತಗುಲಿ ರಕ್ತ ಕೆನ್ನೆಗಿಳಿಯಿತು. ಅವಳು ಸೆರಗಿನಲ್ಲಿ ಹುಬ್ಬನ್ನು ಒತ್ತಿ ಹಿಡಿದು, ನೋವು ಇಳಿಯುವವರೆಗೂ ಅವನ ಪಕ್ಕದಲ್ಲೇ ಕೂತಿದ್ದಳು. ಇಳಿದ ಮೇಲೆ ಹೇಳಿದಳು:

"ಇನ್ನೊಂದ್ಸಲ ಚೊಂಬು ಬೀಸಿದ್ರೆ ಆ ಕಾಲನ್ನ ನಾನೇ ಮುರೀತೀನಿ ನೋಡಿ. ನೋವಿಗೆ ಒಂದು ಕಾರಣನಾದ್ರೂ ಸಿಕ್ಕ ಹಾಗಾಗುತ್ತೆ."

ಅಣ್ಣ ಅಳುತ್ತಲೇ ನಕ್ಕ. ಅವಳು ಆ ನೋವನ್ನು ನಂಬಿದ್ದಳು. ನಂಬದೇ ಇದ್ದವನು ತಮ್ಮ.

ತಮ್ಮ ಕೆಟ್ಟವನಲ್ಲ, ಆದರೆ ಅವನು ಅಣ್ಣನ ಮುಖವನ್ನೇ ನೋಡಿದವನಲ್ಲ. ಅದಕ್ಕೆ ಅವರ ಅಪ್ಪ ಕಾರಣ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಅಣ್ಣ ಎಡಗೈಯ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಡುತ್ತಾನೆ. ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಅಲ್ಲಿಗೆ ಎದುರು ನಿಂತ ತಮ್ಮ ಸಮ್ಮಟಿಗೆ ಇಳಿಸಬೇಕು. ಮಾತಿಲ್ಲ, ಎಲ್ಲ ಸುತ್ತಿಗೆಯ ಭಾಷೆಯೇ. ಕಬ್ಬಿಣದ ಮೇಲೆ ಒಂದು ತಟ್ಟು ಅಂದರೆ 'ಇಲ್ಲಿ ಹೊಡಿ'. ಟಕಟಕ ಅಂತ ಮೇಲಿಂದ ಮೇಲೆ ತಟ್ಟಿದರೆ 'ಬಿಸಿ ಆರ್ತಿದೆ, ಬೇಗ, ಇನ್ನೂ ಜೋರಾಗಿ'. ಬರಿಯ ಅಡಿಗಲ್ಲಿಗೆ ಟಿಣ್ಣೆಂದು ತಟ್ಟಿದರೆ 'ನಿಲ್ಲಿಸು'.

"ಸಮ್ಮಟಿಗೆ ಹಿಡಿದೋನು ಕಬ್ಬಿಣ ನೋಡ್ಬೇಕು, ಇಕ್ಕಳ ಹಿಡಿದೋನ ಮುಖ ನೋಡ್ಬಾರ್ದು. ಮುಖ ನೋಡಿದ್ರೆ ಕೈ ಮೆತ್ತಗಾಗುತ್ತೆ" ಅನ್ನುತ್ತಿದ್ದ ಅಪ್ಪ. ಚಿಕ್ಕಂದಿನಲ್ಲಿ ತಮ್ಮ ಒಮ್ಮೆ ಕತ್ತೆತ್ತಿದ್ದಕ್ಕೆ ಅಪ್ಪ ಕೊಟ್ಟ ಏಟಿಗೆ ಕಿವಿಯಲ್ಲಿ ಮೂರು ದಿನ ಜೀರುಂಡೆ ಕೂಗಿತ್ತು. ಅಪ್ಪ ಹೋದ, ಅವನ ಮಾತು ಉಳಿಯಿತು. ಹಾಗಾಗಿ ತಮ್ಮ ನೋಡಿದ್ದೆಲ್ಲ ಇಷ್ಟೇ: ಅರ್ಧಕ್ಕೆ ನಿಂತ ಕೆಲಸ, ದಂಡವಾದ ಇದ್ದಿಲು, ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಬೀಡಿ ಹಚ್ಚುವ ಅಣ್ಣ.

ಕಲ್ಲುಕ್ವಾರಿಯ ಮೇಸ್ತ್ರಿ ಬಂಡೆ ಎತ್ತುವ ಸರಪಳಿಯ ಮುರಿದ ಕೊಂಡಿ ತಂದ ದಿನ ತಮ್ಮನ ಬಾಯಿ ತಡೆಯಲಿಲ್ಲ.

"ಕೊಂಡಿಯೇನೋ ಬೆಸೆದು ಕೊಡ್ತೀವಿ ಮೇಸ್ತ್ರಿ. ಆದ್ರೆ ನಮ್ಮಣ್ಣನ ಕಾಲಿನ ಅಪ್ಪಣೆ ಆಗ್ಬೇಕಲ್ಲ! ಅದು ಕೆಲಸ ಕಂಡ್ರೆ ಕೂಗುತ್ತೆ, ಊಟ ಕಂಡ್ರೆ ಓಡುತ್ತೆ."

ಮೇಸ್ತ್ರಿ ನಕ್ಕ. ಎದುರಂಗಡಿಯಲ್ಲಿ ಕ್ಷೌರಿಕ ಕತ್ತರಿ ನಿಲ್ಲಿಸಿದ. ಅಣ್ಣ ಕೈಯಲ್ಲಿದ್ದ ಇಕ್ಕಳವನ್ನು ತಿರುಗಿಸಿ ತಮ್ಮನ ದವಡೆಗೆ ಬಾರಿಸಿದ. ತಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಬಾಯಲ್ಲಿ ಕೂಡಿದ ರಕ್ತವನ್ನು ಉಗಿದು, ತಲೆ ಬಗ್ಗಿಸಿ ಗೂಳಿಯಂತೆ ನುಗ್ಗಿದ. ಇಬ್ಬರೂ ಇದ್ದಿಲ ರಾಶಿಯ ಮೇಲೆ ಬಿದ್ದರು. ಒಬ್ಬನ ಹೆಬ್ಬೆರಳು ಇನ್ನೊಬ್ಬನ ಕಣ್ಣಿನಲ್ಲಿ, ಒಬ್ಬನ ಹಲ್ಲು ಇನ್ನೊಬ್ಬನ ಭುಜದಲ್ಲಿ. ಒಂದೇ ತಾಯಿಯ ಹಾಲು ಕುಡಿದವರು ಹೀಗೆ ಹೊಡೆದಾಡಿದ್ದನ್ನು ಆ ಬೀದಿ ಕಂಡಿರಲಿಲ್ಲ. ತಮ್ಮ ಮೇಲೆ ಕೂತು ಅಣ್ಣನ ಪಕ್ಕೆಗೆ ಗುದ್ದುತ್ತಿರುವಾಗಲೇ ಕಾಲಿನ ನೋವು ಬಂತು. ಅಣ್ಣ ಹೋರಿಯಂತೆ ಅರಚಿದ.

"ಬಂತು ನೋಡ್ರಪ್ಪೋ ನಾಟಕ ಕಂಪ್ನಿ!" ತಮ್ಮ ಎದ್ದು ನಿಂತು ಬೀದಿಯ ಕಡೆ ತಿರುಗಿ ಕೂಗಿದ.

ಅಷ್ಟರಲ್ಲಿ ಅಣ್ಣನ ಹೆಂಡತಿ ತೊಟ್ಟಿಯ ಕಪ್ಪು ನೀರನ್ನು ಬಕೆಟ್ ತುಂಬ ಎತ್ತಿ ಮೈದುನನ ಮುಖಕ್ಕೆ ರಾಚಿದಳು. "ನಾಯಿ ಜಗಳ ಬಿಡಿಸೋದಕ್ಕೂ ನೀರೇ ಮದ್ದು" ಅಂದಳು. ಯಾರೂ ನಗಲಿಲ್ಲ.

ತಮ್ಮ ಮುಖ ಒರೆಸಿಕೊಂಡು, ನೆಲದಲ್ಲಿದ್ದ ಅಣ್ಣನಿಗೆ ಹೇಳಿದ: "ನಾಳೆ ಈ ಕೊಂಡಿ ಬೆಸೆಯೋಣ. ಬೆಸುಗೆ ಮುಗಿಯೋವರೆಗೂ ನೀನು ನಿಂತಿದ್ರೆ ನನ್ನ ಮಾತು ತಪ್ಪು, ನಿನ್ನ ಕಾಲಿಗೇ ಬೀಳ್ತೀನಿ. ನಡುವೆ ನಿಲ್ಲಿಸಿದ್ಯೋ, ಇಕ್ಕಳ ನಂದು. ನೀನು ಬೆಂಕಿಗೆ ತಿದಿ ಒತ್ತಿಕೊಂಡು ಮೂಲೇಲಿ ಕೂರು."

"ಆಗ್ಲಿ" ಅಂದ ಅಣ್ಣ. ಇಕ್ಕಳ ಹೋದರೆ ಹೆಸರು ಹೋದ ಹಾಗೆ. ಮೂಲೆಯಲ್ಲಿ ತಿದಿ ಒತ್ತುವ ಯಜಮಾನನನ್ನು ಯಾವ ಗಿರಾಕಿ ಯಜಮಾನ ಅಂತಾನೆ?

ಮಾರನೆಯ ದಿನ ಬಿಸಿಲು ನೆತ್ತಿಗೇರುವ ಹೊತ್ತಿಗೆ ಕೊಂಡಿ ಬೆಳ್ಳಗೆ ಕಾದು, ತುದಿಗಳು ಬೆವರಿದಂತೆ ಹೊಳೆದು ಕಿಡಿ ಉಗುಳಲು ತೊಡಗಿತು. ಬೆಸುಗೆಗೆ ಇದೇ ಹದ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆರಿಹೋಗುತ್ತದೆ. ಅಣ್ಣ ಅದನ್ನು ಅಡಿಗಲ್ಲಿಗೆ ಎಳೆದು ಸುತ್ತಿಗೆ ತಟ್ಟಿದ. ತಮ್ಮನ ಸಮ್ಮಟಿಗೆ ಇಳಿಯಿತು. ತಟ್ಟು, ಏಟು. ತಟ್ಟು, ಏಟು. ಬಿಳಿ ಕಿಡಿಗಳು ಇಬ್ಬರ ತೊಗಲಿನ ಅಂಗಿಗೂ ಸಿಡಿದವು. ಜಗಳವೆಲ್ಲ ಮರೆತು ಎರಡು ಕೈಗಳು ಒಂದೇ ಮೈಯಲ್ಲಿರುವಂತೆ ಕೆಲಸ ನಡೆಯಿತು. ಅಣ್ಣನಿಗೆ ಖುಷಿಯೇ ಆಯಿತು.

ಆಗ ಕಾಲಿನೊಳಗೆ ಸಲಾಕೆ ತಿರುಗಿತು.

ಅಣ್ಣನ ಬಾಯಿ ತೆರೆಯಿತು, ದನಿ ಬರಲಿಲ್ಲ. ಬಂದಿದ್ದರೂ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸುತ್ತಿಗೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಬರಿಯ ಅಡಿಗಲ್ಲಿಗೆ ತಟ್ಟಿದ್ದರೆ ಸಾಕಿತ್ತು, ಎಲ್ಲ ನಿಲ್ಲುತ್ತಿತ್ತು. ಅವನಿಗದು ಗೊತ್ತಿತ್ತು. ತಟ್ಟಲಿಲ್ಲ. ಮೂಲೆಯಲ್ಲಿ ತಿದಿ ಒತ್ತುವ ತನ್ನನ್ನು ತಾನೇ ಕಣ್ಣ ಮುಂದೆ ಕಂಡು ಹಲ್ಲು ಕಚ್ಚಿದ. ಆದರೆ ಹಟಕ್ಕೆ ಮನಸ್ಸು ನಿಂತೀತು, ಕೈ ನಿಲ್ಲಬೇಕಲ್ಲ. ಸುತ್ತಿಗೆ ಹಿಡಿದ ಬಲಗೈ ಗಡಗಡ ನಡುಗಿ ಕಬ್ಬಿಣದ ಮೇಲೆ ಟಕಟಕ ಟಕಟಕ ಕುಣಿಯಿತು.

ಬೇಗ, ಇನ್ನೂ ಜೋರಾಗಿ. ತಮ್ಮ ಕೇಳಿಸಿಕೊಂಡದ್ದು ಅದನ್ನೇ.

ಅವನು ತಲೆ ಎತ್ತಲಿಲ್ಲ. ಕಬ್ಬಿಣವನ್ನೇ ನೋಡುತ್ತ ಸೊಂಟದ ಬಲವನ್ನೆಲ್ಲ ತೋಳಿಗೆ ತಂದು ಹೊಡೆದ. ಅಣ್ಣನ ಸುತ್ತಿಗೆ ಇನ್ನೂ ಚುರುಕಾಯಿತು, ಅವನ ಏಟು ಇನ್ನೂ ಬಿರುಸಾಯಿತು. 'ಭಲೇ ಅಣ್ಣ' ಅಂತ ಒಳಗೊಳಗೇ ಅಂದುಕೊಂಡ ಕೂಡ. ಸಮ್ಮಟಿಗೆ ಮತ್ತೆ ತಲೆಯ ಮೇಲಿಂದ ಇಳಿಯುತ್ತಿರುವಾಗ ಅಣ್ಣನ ಮಂಡಿ ಮಡಚಿತು. ಮೈ ಮುಂದಕ್ಕೆ ವಾಲಿತು. ಇಕ್ಕಳದ ಸಮೇತ ಎಡಗೈ ಅಡಿಗಲ್ಲಿನ ಮೇಲೆ ಬಿತ್ತು.

ಸದ್ದು ಬೇರೆಯಾಗಿತ್ತು. ಕಬ್ಬಿಣದ್ದಲ್ಲ.

ಕೊಂಡಿ ಹಾರಿ ನೀರಿನ ತೊಟ್ಟಿಗೆ ಬಿದ್ದು ಬುಸ್ಸೆಂದಿತು. ತಮ್ಮ ಸಮ್ಮಟಿಗೆ ಕೈಬಿಟ್ಟ. ಅಡಿಗಲ್ಲಿನ ಮೇಲೆ ಎರಡು ಬೆರಳು ಬೆರಳಿನ ಆಕಾರ ಬಿಟ್ಟು ಚಪ್ಪಟೆಯಾಗಿದ್ದವು. ರಕ್ತ ಕಾದ ಕಲ್ಲಿನ ಮೇಲೆ ಹರಿದು ಸುಟ್ಟ ವಾಸನೆ ಎದ್ದಿತು. "ಅಣ್ಣಾ, ಕೈ... ಅಯ್ಯೋ ನಿನ್ನ ಕೈ!" ಅಂತ ಅಡಿಗಲ್ಲನ್ನು ಸುತ್ತಿ ಬಂದವನು ಅಲ್ಲೇ ನಿಂತುಬಿಟ್ಟ.

ಅಣ್ಣ ಕೈಯನ್ನು ನೋಡುತ್ತಲೇ ಇರಲಿಲ್ಲ. ಜಜ್ಜಿದ ಕೈ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು, ಅದರಿಂದ ರಕ್ತ ಸೋರುತ್ತಿತ್ತು. ಅವನು ಬೂದಿಯಲ್ಲಿ ಹೊರಳುತ್ತ ಉಳಿದೊಂದು ಕೈಯಿಂದ ಬಲತೊಡೆಯನ್ನು ಹಿಸುಕುತ್ತಿದ್ದ, ಉಗುರಿನಿಂದ ಬಗೆಯುತ್ತಿದ್ದ. "ಕಾಲು... ಕಾಲು ಕಣೋ... ಕಡಿದುಹಾಕೋ ಇದನ್ನ..."

ತಮ್ಮ ಆಗ ಅವನ ಮುಖ ನೋಡಿದ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು, ತುಟಿ ಕಚ್ಚಿ ಹರಿದಿತ್ತು, ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಬೆರಳು ಜಜ್ಜಿಹೋದದ್ದನ್ನೂ ಮರೆಸುವ ನೋವು ಯಾವುದು ಅಂತ ಇನ್ನು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಬೂದಿಯಲ್ಲಿ ಮಂಡಿಯೂರಿ ಎರಡೂ ಕೈಯಲ್ಲಿ ಆ ಕಾಲನ್ನು ತಬ್ಬಿ ಹಿಡಿದ. ಅಣ್ಣನ ಇನ್ನೊಂದು ಕಾಲು ಅವನ ಎದೆಗೆ, ನಿನ್ನೆ ಊದಿದ ದವಡೆಗೆ ಒದೆಯಿತು. ಬಿಡಲಿಲ್ಲ.

"ಒದಿ ಅಣ್ಣ, ಒದಿ. ಇನ್ನೂ ಒದಿ."

ಅತ್ತಿಗೆ ಓಡಿ ಬಂದಾಗ ಇಬ್ಬರಲ್ಲಿ ಯಾರ ಬಾಯಿಂದ ಯಾವ ಕೂಗು ಬರುತ್ತಿದೆಯೆಂದು ತಿಳಿಯುವಂತಿರಲಿಲ್ಲ.

ಎರಡು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು. ಕೈ ನೋಡಲು ಬೀದಿಯವರೆಲ್ಲ ಬಂದರು. ಕ್ಷೌರಿಕ ಪಾಪ ಕಣ್ಣೀರು ಹಾಕಿದ. "ಅಯ್ಯೋ, ಕೈ ಹೋದ್ರೆ ಹೋಗ್ಲಿ ಬಿಡ್ರಪ್ಪಾ, ಕಾಲಿನದ್ದು ಕೇಳಿ" ಅನ್ನುತ್ತಿದ್ದ ಅಣ್ಣ.

ಗಾಯ ಮಾಗಿದ ಮೇಲೆ ಕುಲುಮೆಗೆ ಬಂದ. ಮೂರು ಬೆರಳಲ್ಲಿ ಇಕ್ಕಳ ನಿಲ್ಲುವುದಿಲ್ಲ. ಯಾರೂ ಕೇಳದೆಯೇ ತಮ್ಮ ಇಕ್ಕಳ ತೆಗೆದುಕೊಂಡ, ಆದರೆ ಸಣ್ಣ ಸುತ್ತಿಗೆಯನ್ನು ಅಣ್ಣನ ಬಲಗೈಗೇ ಇಟ್ಟ. ಸಮ್ಮಟಿಗೆಗೆ ಜನ ಬೇಕಲ್ಲ ಅಂತ ಇಬ್ಬರೂ ಮುಖ ಮುಖ ನೋಡುತ್ತಿರುವಾಗ ಅತ್ತಿಗೆ ಸೆರಗು ಬಿಗಿದಳು.

"ನಿಮ್ಮಪ್ಪನ ಕಾನೂನು ನನಗೆ ಬೇಡ. ನಾನು ಮುಖ ನೋಡ್ಕೊಂಡೇ ಹೊಡಿಯೋದು."

ಕ್ವಾರಿಯ ಕೊಂಡಿ ಮತ್ತೆ ಬೆಳ್ಳಗೆ ಕಾಯಿತು. ತಟ್ಟು, ಏಟು. ಹದ ಸರಿಯಾಗಿ ಬಂದಿರುವಾಗಲೇ ಅವಳ ಸಮ್ಮಟಿಗೆ ಮೇಲೇ ನಿಂತಿತು. ಅಡಿಗಲ್ಲು ಟಿಣ್ಣೆಂದಿರಲಿಲ್ಲ. ಆದರೂ ತಮ್ಮ ಇಕ್ಕಳದಲ್ಲಿದ್ದ ಬಿಳಿ ಕಬ್ಬಿಣವನ್ನು ಹಾಗೇ ನೆಲಕ್ಕೆ ಎಸೆದ. ಅಣ್ಣ ಬೀಳುವ ಮೊದಲೇ ಅವನ ಕಂಕುಳಿಗೆ ತೋಳು ಕೊಟ್ಟ.

"ಬಂತಾ ಅಣ್ಣ?"

ಅಣ್ಣ ತಮ್ಮನ ಭುಜಕ್ಕೆ, ಆ ಜಗಳದಲ್ಲಿ ತಾನೇ ಕಚ್ಚಿದ ಕಲೆಯ ಮೇಲೆಯೇ, ಮತ್ತೆ ಹಲ್ಲೂರಿದ. ಕಬ್ಬಿಣ ಕೆಂಪಾಗಿ ಕಪ್ಪಾಗುತ್ತ ಬಿದ್ದಿತ್ತು.